ನಿವೃತ್ತ ರಾಯರ ವಾಟ್ಸಾಪ್ ಗೆಳೆಯರು

ಸಲಹೆ ಕೇಳಿಕೊಂಡು ನನ್ನ ಬಳಿ ಬಂದ ದಂಪತಿಯಲ್ಲಿ ದೂರು ತಂದವರು ಹೆಂಡತಿ. ‘ಇವರು ಮನೇಲಿ ಬಾಯಿ ಬಿಡಲ್ಲ, ಮೊಬೈಲ್‌ನಲ್ಲಾದರೆ ಮುಗಿಯದ ಮಾತು. ಈ ಚಟ ಬಿಡಿಸಿಕೊಡಿ’ ಎಂದರು. ಗಂಡನನ್ನು ರಾಯರು ಎಂದು ಕರೆಯೋಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 64. ಖಾಸಗಿ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು. ರಾಜಾಜಿನಗರದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಗಳು ಪುಣೆಯಲ್ಲಿ.

ಕೆಲಸದಲ್ಲಿದ್ದಾಗ ರಾಯರಿಗೆ ಕ್ಯಾಂಟೀನ್ ಕಾಫಿ ಜೊತೆ ನಾಲ್ಕು ಜನರ ಹರಟೆ ಇತ್ತು. ನಿವೃತ್ತಿಯಾದ ಮೇಲೆ ಅವರ ಫೋನ್ ಬರುವುದು ನಿಧಾನಕ್ಕೆ ನಿಂತಿತು. ಆಮೇಲೆ ಸಿಕ್ಕಿದ್ದು ಒಂದು ವಾಟ್ಸಾಪ್ ಗ್ರೂಪ್. ಬೆಳಗಿನ ತಿಂಡಿ, ತಾರಸಿಯ ಗಿಡ, ಮೊಣಕಾಲು ನೋವು, ಅಲ್ಲಿ ಇಂಥದ್ದೇ ಮಾತು. ಧಾರವಾಡದ ನಿವೃತ್ತ ಟೀಚರಮ್ಮ ಒಬ್ಬರ ಜೊತೆ ದಿನಾ ಪದಬಂಧ ಬಿಡಿಸುತ್ತಾರೆ. ನನಗೇನೋ ಇದು ಚಟ ಅನ್ನಿಸಲಿಲ್ಲ. ಊಟ, ವಾಕಿಂಗ್, ಬಿ.ಪಿ. ಮಾತ್ರೆ ಯಾವುದೂ ತಪ್ಪಿಲ್ಲ. ರಾತ್ರಿ ಮಲಗುವುದು ಮಾತ್ರ ತಡ.

ಹಾಗಾದರೆ ಮುನಿಸು ಯಾಕೆ? ಉತ್ತರ ರಾಯರ ಫೋನಿನಲ್ಲೇ ಸಿಕ್ಕಿತು. ಗ್ರೂಪಿಗೆ ಹಾಕಿದ ಒಂದು ಫೋಟೊ: ಹಿತಕಿದ ಬೇಳೆ ಸಾರು, ಪಕ್ಕದಲ್ಲಿ ಅಕ್ಕಿರೊಟ್ಟಿ. ಅವರೆಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಹಿತಕುವುದು ಎಷ್ಟು ಹೊತ್ತಿನ ಕೆಲಸ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಫೋಟೊ ಕೆಳಗೆ ರಾಯರೇ ಬರೆದಿದ್ದರು: ‘ನಮ್ಮನೆಯವಳ ಕೈರುಚಿಗೆ ಸಾಟಿ ಇಲ್ಲ.’ ಅದಕ್ಕೆ ಸಾಲು ಸಾಲು ಮೆಚ್ಚುಗೆ. ಅಮ್ಮನವರು ಕನ್ನಡಕ ಹಾಕಿಕೊಂಡು ಎಲ್ಲ ಓದಿದರು. ‘ಇದನ್ನ ನನಗೆ ಯಾವತ್ತಾದ್ರೂ ಹೇಳಿದ್ರಾ? ಉಪ್ಪು ಕಮ್ಮಿ ಅಂದಿದ್ದಷ್ಟೇ ನೆನಪು’ ಎಂದರು. ರಾಯರು ಫೋನ್ ಜೇಬಿಗಿಟ್ಟರು.

ಗ್ರೂಪ್ ಬಿಡಿ ಎಂದು ನಾನು ಹೇಳಲಿಲ್ಲ. ಈ ವಯಸ್ಸಿನಲ್ಲಿ ಹೊಸ ಗೆಳೆಯರು ಸಿಗುವುದೇ ಅಪರೂಪ, ಅಲ್ವಾ? ಆದರೆ ತಿಂಡಿ ಚೆನ್ನಾಗಿದ್ದರೆ ಮೊದಲು ಮಾಡಿದವರಿಗೆ ಹೇಳಿ, ಫೋಟೊ ಆಮೇಲೆ ಹಾಕಿ ಎಂದೆ. ಗ್ರೂಪಿನಲ್ಲಿ ಬಂದ ತಮಾಷೆ, ಗಿಡದ ಸುದ್ದಿ ಮನೆಯಲ್ಲೂ ಓದಿ ಹೇಳಿ. ಟೀಚರಮ್ಮನ ಫೋನ್ ಬಂದಾಗ ಹೊರಗೆ ಹೋಗಿ ಮಾತಾಡುವುದು ಬೇಡ, ಸ್ಪೀಕರ್ ಹಾಕಿ, ಇವರನ್ನೂ ಮಾತಾಡಿಸಿ. ಅಮ್ಮನವರ ಅರ್ಧ ಸಿಟ್ಟು ಅಲ್ಲೇ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ರಾತ್ರಿ ಹತ್ತಾದ ಮೇಲೆ ಮೊಬೈಲ್ ಹಾಲ್‌ನಲ್ಲೇ ಇರಲಿ ಎಂದೂ ಹೇಳಿದೆ.

ದುಡ್ಡಿನ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಗಿಯಾಗಿಯೇ ಮಾತಾಡಿದೆ. ಗ್ರೂಪಿನವರೇ ಆಸ್ಪತ್ರೆ ಖರ್ಚಿಗೆ ಅರ್ಜೆಂಟ್ ಅಂತ ಮೆಸೇಜ್ ಹಾಕಿದರೂ, ಫೋನ್ ಮಾಡಿ ದನಿ ಕೇಳದೆ, ಮನೆಯಲ್ಲಿ ಹೇಳದೆ ಒಂದು ರೂಪಾಯಿಯೂ ಕಳಿಸಬಾರದು. ಅವರ ವಾಟ್ಸಾಪ್ ಖಾತೆ ಬೇರೆಯವರ ಕೈಗೆ ಹೋಗಿರಬಹುದು. ಒಟಿಪಿ ಯಾರಿಗೂ ಹೇಳಬಾರದು. ವಾಟ್ಸಾಪ್‌ನಲ್ಲಿ ಖಾತೆ ಬೇರೆಯವರ ಕೈಗೆ ಸಿಗದಂತೆ ಆರು ಅಂಕಿಯ ಪಿನ್ ಇಡುವುದನ್ನು ಅಲ್ಲೇ ಕೂತು ತೋರಿಸಿಕೊಟ್ಟೆ. ಅಪ್ಪಿತಪ್ಪಿ ಹಣ ಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಜನವರಿಯಲ್ಲಿ ಗ್ರೂಪಿನ ಬೆಂಗಳೂರಿನವರು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಸೇರಿದರು. ಹಗಲು ಹೊತ್ತು, ಜನ ಇರುವ ಜಾಗ, ಹಾಗಾಗಿ ನಾನೂ ಹೋಗಿ ಎಂದಿದ್ದೆ. ಅಮ್ಮನವರೂ ಹೋಗಿದ್ದರು, ಹೂವು ನೋಡೋಕೆ ಮಾತ್ರ ಅಂತ ಹೇಳಿಕೊಂಡು. ಗ್ರೂಪಿಗೆ ಸೇರಿ ಅಂದರೆ ಬೇಡ, ನನ್ನ ಸೀರಿಯಲ್ ಇದೆ ಎನ್ನುತ್ತಾರೆ. ರಾತ್ರಿ ಹತ್ತರ ನಿಯಮ ಮಾತ್ರ ಇನ್ನೂ ಪೂರ್ತಿ ಪಾಲನೆಯಾಗಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಕೇಳಬೇಕು.