ಸಂಜೆ ಕರೆಂಟಿಗೆ ಗ್ಯಾಸೇ ಬೇಕಾ?

ಸೋಲಾರ್ ಇಷ್ಟು ಬಂದ ಮೇಲೂ ಗ್ಯಾಸ್ (ನೈಸರ್ಗಿಕ ಅನಿಲ) ಕರೆಂಟು ಯಾಕೆ ಅಂತ ಕೇಳಿದ್ದೀರಿ. ಬಿಸಿಲು ಇಳಿದ ಹೊತ್ತಿಗೇ ಎಲ್ಲರ ಮನೆ ಲೈಟು ಹತ್ತುತ್ತದೆ, ಅಲ್ವಾ? ತಣ್ಣಗಾದ ಕಲ್ಲಿದ್ದಲು ಘಟಕ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಗ್ಯಾಸ್ ಟರ್ಬೈನ್ ಬೇಗ ಏಳುತ್ತದೆ, ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡೂ ಸುಮಾರು ಅರ್ಧ.

ಸೋರಿದರೆ ಮಾತ್ರ ಕತೆ ಬೇರೆ. ಅದು ಮೀಥೇನ್, 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ನಮ್ಮನೆ ಗೋಬರ್ ಗ್ಯಾಸಿನ ಪೈಪನ್ನು ಇಲಿ ಕಡಿದಾಗ ಸೋಪಿನ ನೊರೆ ಹಚ್ಚಿ ತೂತು ಹುಡುಕಿದ್ದೆ. ಸಾವಿರಾರು ಕಿಲೋಮೀಟರ್ ಪೈಪಿಗೆ ನೊರೆ ಹಚ್ಚೋರು ಯಾರು?

ನಮಗೆ ಶರಾವತಿ ಇದೆ: 10 ಘಟಕ, 1035 ಮೆಗಾವಾಟ್, ನೀರು ಬಿಟ್ಟರೆ ನಿಮಿಷಗಳಲ್ಲಿ ಕರೆಂಟು. ಲಿಂಗನಮಕ್ಕಿಯ ನೀರನ್ನು ಹಗಲು ಉಳಿಸಿ ಸಂಜೆಗೆ ಬಳಸಿದರೆ ನನ್ನ ಮಟ್ಟಿಗೆ ಹಗಲಿನ ಸೋಲಾರಿಗೂ ಸಂಜೆಯ ಲೈಟಿಗೂ ನಡುವೆ ಅದೇ ಸೇತುವೆ. ಮಳೆ ಕೈಕೊಟ್ಟ ವರ್ಷ ಕಷ್ಟ, ಒಪ್ಪುತ್ತೇನೆ.