ಪ್ಯಾರಾಕಾರ್ಡ್ ಬ್ರೇಸ್ಲೆಟ್: ತುದಿ ಸುಟ್ಟು ಅಂಟಿಸಬೇಡಿ

ನಿಮ್ಮ ಪ್ಯಾರಾಕಾರ್ಡ್ (ಪ್ಯಾರಾಚೂಟಿಗೆ ಬಳಸುವಂಥ ತೆಳು ನೈಲಾನ್ ಹಗ್ಗ) ಬ್ರೇಸ್ಲೆಟ್‌ನ ಫೋಟೋ ನೋಡಿದೆ. ಎರಡು ಬಣ್ಣದ ಕಿಂಗ್ ಕೋಬ್ರಾ, ಅಂದರೆ ಕೋಬ್ರಾ ಗಂಟಿನ ಸಾಲಿನ ಮೇಲೆ ಮತ್ತೊಂದು ಸಾಲು ಹಾಕಿದ ಹೆಣಿಗೆ, ತುದಿ ಎರಡನ್ನೂ ಲೈಟರಿನಲ್ಲಿ ಸುಟ್ಟು ಹೆಣಿಗೆಗೇ ಒತ್ತಿ ಅಂಟಿಸಿದ್ದೀರಿ. "ಮುಂದಿನ ವಾರ ಕಾಡಿಗೆ ಹೋಗ್ತಿದ್ದೇನೆ, ಹಗ್ಗಕ್ಕೆ ಇದೊಂದೇ ಸಾಕಲ್ವಾ" ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಹೆಣಿಗೆ ನಿಜಕ್ಕೂ ಚೆನ್ನಾಗಿದೆ, ಬಿಗಿ ಎಲ್ಲೂ ತಪ್ಪಿಲ್ಲ. ಆದರೆ ನಾನೂ ಥೇಟ್ ಇದೇ ತರಹ ಮಾಡಿಕೊಂಡು ಹೋಗಿ ಒದ್ದಾಡಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅವತ್ತು ಸಂಜೆ ಮಳೆ ಹಿಡಿದಿತ್ತು. ಟಾರ್ಪಾಲಿನ ಒಂದು ಮೂಲೆಯ ಹಗ್ಗ ಕಿತ್ತುಹೋಯಿತು. ಕೈಯಲ್ಲಿ ಬ್ರೇಸ್ಲೆಟ್ ಇದೆಯಲ್ಲ ಅಂತ ಧೈರ್ಯವಾಗಿ ತೆಗೆದೆ. ಚಾಕು ಇದ್ದ ಗೆಳೆಯ ನೀರು ತರಲು ಹೋಗಿದ್ದ. ಸುಟ್ಟ ತುದಿ ಮೆಣಸಿನ ಕಾಳಿನಷ್ಟು ಗಟ್ಟಿ ಕಪ್ಪು ಉಂಡೆಯಾಗಿ ಪಕ್ಕದ ಎಳೆಗೆ ಕಚ್ಚಿಕೊಂಡಿತ್ತು. ಉಗುರು ಹೋಗಲಿಲ್ಲ. ಹಲ್ಲಿನಲ್ಲಿ ಎಳೆದೆ, ಬರಲಿಲ್ಲ. ಚಳಿಗೆ ಬೆರಳು ಮರಗಟ್ಟಿತ್ತು. ಹೇಗೋ ಆ ಉಂಡೆ ಕಿತ್ತ ಮೇಲೂ ಕಷ್ಟ ಮುಗಿಯಲಿಲ್ಲ. ಕೋಬ್ರಾದಲ್ಲಿ ಪ್ರತಿಯೊಂದೂ ಗಂಟೇ, ಒಂದೊಂದನ್ನೂ ಬೇರೆ ಬೇರೆ ಬಿಚ್ಚಬೇಕು. ಒದ್ದೆ ನೈಲಾನ್ ಇನ್ನೂ ಬಿಗಿಯಾಗಿತ್ತು. ಅರ್ಧ ಗಂಟೆಯಲ್ಲಿ ಒಂದು ಗೇಣು ಹಗ್ಗ ಬಂತು ಅಷ್ಟೇ. ಅಷ್ಟರಲ್ಲಿ ಮಲಗುವ ಚೀಲ ಪೂರ್ತಿ ನೆನೆದಿತ್ತು. ಕೊನೆಗೆ ಶೂ ಲೇಸ್ ಬಿಚ್ಚಿ ಮೂಲೆ ಕಟ್ಟಿದೆ.

ಮನೆಗೆ ಬಂದು ಕತ್ತರಿಸಿ ನೋಡಿದರೆ ಹಗ್ಗವೂ ಮೋಸ. 550 ಪೌಂಡ್ ಭಾರ ತಡೆಯುವ "550" ಹಗ್ಗ ಅಂತ ಹೇಳಿ ಮಾರಿದ್ದರು. ಕವಚದೊಳಗೆ ಹೊಸೆದ ಎಳೆಗಳೇ ಇಲ್ಲ, ಹತ್ತಿಯಂಥ ಜೊಳ್ಳು ತುಂಬಿತ್ತು. ಕೊಂಡ ತಕ್ಷಣ ತುದಿ ಕತ್ತರಿಸಿ ಎಳೆ ಎಣಿಸಿ. ಸರಿಯಾದ ಟೈಪ್ 3 (550 ಹಗ್ಗದ ಮಿಲಿಟರಿ ಹೆಸರು) ಹಗ್ಗದಲ್ಲಿ 7ರಿಂದ 9 ಒಳ ಎಳೆ ಇರಬೇಕು. ಮಿಲಿಟರಿ ಹಗ್ಗದಲ್ಲಿ ಒಂದೊಂದು ಎಳೆಯೂ ಮೂರು ನೂಲು ಸೇರಿ ಹೊಸೆದದ್ದು, ಅಂಗಡಿಯಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ ಎರಡು. ನಾನು ಈಗ ಅಟ್ವುಡ್ ಕಂಪನಿಯ ಹಗ್ಗ ಬಳಸುತ್ತೇನೆ. ಟೈಟನ್ ಸರ್ವೈವರ್‌ಕಾರ್ಡ್ ಅಂತ ಇನ್ನೊಂದು ಪ್ಯಾರಾಕಾರ್ಡ್ ಇದೆ, ಅದರಲ್ಲಿ ಮೀನು ಹಿಡಿಯುವ ದಾರ, ಮೇಣ ಹಚ್ಚಿದ ಸೆಣಬು, ತಂತಿ ಎಲ್ಲ ಒಳಗೇ ಬರುತ್ತದೆ. ಹಗ್ಗ ಒಳ್ಳೆಯದೇ, ಆದರೆ ದಪ್ಪ. ಕೈಗೆ ಕಟ್ಟುವುದಕ್ಕಿಂತ ಬ್ಯಾಗಿನಲ್ಲಿಡಲು ಸರಿ ಅಂತ ನನ್ನ ಅಭಿಪ್ರಾಯ.

ನಿಮ್ಮ ಎರಡು ಬಣ್ಣದ ವಿಷಯಕ್ಕೆ ಬರುತ್ತೇನೆ. ಎರಡು ಹಗ್ಗವನ್ನು ಸುಟ್ಟು ಜೋಡಿಸಿದ್ದೀರಿ, ಅಲ್ವಾ? ಆ ಬೆಸುಗೆ ಭಾರ ತಡೆಯುವುದಿಲ್ಲ. ಬಿಚ್ಚಿದಾಗ ನಿಮಗೆ ಸಿಗುವುದು ಎರಡು ತುಂಡು ಹಗ್ಗ. ಕಾಡಿಗೆ ಒಯ್ಯುವುದಾದರೆ ಒಂದೇ ಬಣ್ಣ, ಒಂದೇ ಉದ್ದ. ಬಣ್ಣ ಬೇಕಿದ್ದರೆ ಮನೆಯಲ್ಲಿ ಹಾಕಿಕೊಳ್ಳಲು ಬೇರೆ ಮಾಡಿ.

ನಾನೀಗ ಮಾಡುವುದು ಬರೀ ಸರಪಳಿ ಹೆಣಿಗೆ. ಹಗ್ಗವನ್ನು ನಡುವೆ ಮಡಚಿ ಜೋಡಿ ಎಳೆ ಮಾಡಿಕೊಳ್ಳುತ್ತೇನೆ. ಮಡಿಕೆಯ ಹತ್ತಿರ ಬೆರಳು ತೂರುವಷ್ಟು ಕುಣಿಕೆ ಬಿಟ್ಟು ಗಂಟು. ಅಲ್ಲಿಂದ ಕುಣಿಕೆಯೊಳಗೆ ಕುಣಿಕೆ ಎಳೆಯುತ್ತಾ ಹೋಗುವುದು. ಕ್ರೋಶಾ ಹಾಕುವವರು ಮೊದಲ ಸಾಲು ಹಾಕುತ್ತಾರಲ್ಲ, ಅದೇ. ಕೈಗೆ ಎರಡು ಸುತ್ತು ಬರುವಷ್ಟಾದ ಮೇಲೆ ಉಳಿದ ಬಾಲವನ್ನು ಕೊನೆಯ ಕುಣಿಕೆಯಲ್ಲಿ ತೂರಿಸಿ ಬಿಗಿ ಮಾಡಿ, ಬಾಲಕ್ಕೆ ದಪ್ಪ ಗಂಟು ಹಾಕುತ್ತೇನೆ. ಆ ಗಂಟೇ ಗುಂಡಿ, ಮೊದಲು ಬಿಟ್ಟ ಕುಣಿಕೆಯೇ ಕಾಜಾ. ಬಕಲ್ ಬೇಡ. ಬಿಚ್ಚುವಾಗ ಕೊನೆಯ ಕುಣಿಕೆ ಸಡಿಲಿಸಿ, ಬಾಲ ಹೊರಗೆ ತೆಗೆದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕತ್ತಲಲ್ಲೂ ಆಗುತ್ತದೆ, ನಾನು ಕಣ್ಣು ಮುಚ್ಚಿ ಮಾಡಿ ನೋಡಿದ್ದೇನೆ. ತೊಂದರೆ ಇಲ್ಲ ಅಂತಲ್ಲ, ಕೋಬ್ರಾದಷ್ಟು ಒತ್ತಾಗಿ ಕೂರುವುದಿಲ್ಲ, ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಪೊದೆಯೊಳಗೆ ನುಗ್ಗುವಾಗ ತೋಳಿನೊಳಗೆ ಸೇರಿಸಿಕೊಳ್ಳಿ.

ಕೋಬ್ರಾನೇ ಬೇಕು ಅಂದರೆ ಒಂದು ಇಂಚು ಹೆಣಿಗೆಗೆ ಸುಮಾರು ಒಂದಡಿ ಹಗ್ಗ ಅಂತ ಲೆಕ್ಕ ಹಾಕಿ, ಮಣಿಕಟ್ಟಿನ ಅಳತೆಗೆ ಒಂದು ಇಂಚು ಜಾಸ್ತಿ ಇಡಿ. ತುದಿ ಸುಡುವುದು ಎಳೆ ಬಿಚ್ಚಿಕೊಳ್ಳದಿರಲಿ ಅಂತ ಮಾತ್ರ, ಅಂಟಿಸಲು ಅಲ್ಲ. ಸುಟ್ಟ ತುದಿ ಪೂರ್ತಿ ಆರಿದ ಮೇಲೆ ಹೆಣಿಗೆಯ ಅಡಿಗೆ ತೂರಿಸಿ, ದಬ್ಬಳ ಇದ್ದರೆ ಸುಲಭ. ಬಿಸಿ ಇರುವಾಗ ತುದಿಯನ್ನು ಬೆರಳಿನಲ್ಲಿ ಒತ್ತಲೇಬೇಡಿ! ಕರಗಿದ ನೈಲಾನ್ ಚರ್ಮಕ್ಕೆ ಹಿಡಿದರೆ ಬಿಡುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಚಾಕುವಿನ ಬೆನ್ನಿನಲ್ಲಿ ಒತ್ತಿ.

ಹೆಣೆಯುವ ಮೊದಲು ಹಗ್ಗವನ್ನು ಬಿಸಿನೀರಿನಲ್ಲಿ ನೆನೆಸಿ ಒಣಗಿಸಿದಿರಾ? ಹಾಗೇ ಹೆಣೆದರೆ ಮೊದಲ ಸಲ ನೆನೆದಾಗ ಕುಗ್ಗಿ ಮಣಿಕಟ್ಟು ಹಿಡಿಯುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಮಾಡುವುದಿಲ್ಲ.

ಇನ್ನೊಂದು ಮಾತು. ಕೆಳಗೆ ಒಬ್ಬರು "ಇದರಲ್ಲಿ ಬಂಡೆ ಇಳಿಯಬಹುದು" ಅಂತ ಬರೆದಿದ್ದಾರೆ. ದಯವಿಟ್ಟು ಹಾಗೆಲ್ಲ ಹೇಳಬೇಡಿ. 550 ಅಂದರೆ ಪೌಂಡ್, ಸುಮಾರು 250 ಕೆಜಿ. ಅದು ಹೊಸ ಹಗ್ಗ ನಿಧಾನವಾಗಿ ಎಳೆದಾಗ ತಡೆಯುವ ಭಾರ. ಗಂಟು ಹಾಕಿದರೆ ಅರ್ಧಕ್ಕೂ ಇಳಿಯಬಹುದು, ಬಿಸಿಲು ತಿಂದಿದ್ದರೆ ಇನ್ನೂ ಕಡಿಮೆ. ಜಾರಿ ಬಿದ್ದ ಮನುಷ್ಯನ ಜರ್ಕ್ ಇದು ತಡೆಯುವುದಿಲ್ಲ. ಟಾರ್ಪಾಲು ಕಟ್ಟಲು, ಹರಿದ ಬ್ಯಾಗ್ ಪಟ್ಟಿ ಬಿಗಿಯಲು, ಮುರಿದ ಕೈಗೆ ಕಡ್ಡಿ ಕಟ್ಟಲು ಬಳಸಿ. 3 ಮೀಟರ್ ಹಗ್ಗದ ಕವಚದಿಂದ 7 ಎಳೆ ಹೊರಗೆಳೆದರೆ 21 ಮೀಟರ್ ತೆಳು ದಾರ ಸಿಗುತ್ತದೆ, ಹೊಲಿಗೆಗೆ ಬಹಳ ಒಳ್ಳೆಯದು.

ಶೂ ಲೇಸನ್ನೂ ಪ್ಯಾರಾಕಾರ್ಡಿಗೆ ಬದಲಾಯಿಸಿಕೊಳ್ಳಿ. ನನ್ನ ಮಟ್ಟಿಗೆ ಅದು ಬ್ರೇಸ್ಲೆಟ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಬಕಲ್‌ನಲ್ಲಿ ಕಿಡಿ ಕಡ್ಡಿ (ಕೆರೆದರೆ ಬೆಂಕಿ ಹಚ್ಚಲು ಕಿಡಿ ಹಾರುವ ಲೋಹದ ಕಡ್ಡಿ) ಇದ್ದರೆ ಮೇಲಿನ ಕಪ್ಪು ಲೇಪನ ಮನೆಯಲ್ಲೇ ಕೆರೆದು ಕಿಡಿ ಬರುತ್ತದೆಯೇ ನೋಡಿ. ಆ ಬಕಲ್‌ನ ಸೀಟಿ ನಂಬಬೇಡಿ, ನಾನು ಊದಿದ್ದು ಯಾವುದೂ ದೂರಕ್ಕೆ ಕೇಳಿಸಲಿಲ್ಲ. ಬೇರೆ ಸೀಟಿ ಒಯ್ಯಿರಿ. ಹಗ್ಗವೂ ಬೇರೆ ಒಂದು 10 ಮೀಟರ್ ಸುರುಳಿ ಬ್ಯಾಗಿನ ಮೇಲಿನ ಜೇಬಿನಲ್ಲಿ ಇರಲಿ.

ಹೊರಡುವ ಮೊದಲು ಈಗ ಕಟ್ಟಿರುವುದನ್ನು ನೀರಿನಲ್ಲಿ ನೆನೆಸಿ, ಚಾಕು ಮುಟ್ಟದೆ ಬಿಚ್ಚಿ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಇಲ್ಲೇ ಬರೆಯಿರಿ.