ಗ್ರೀನ್ ಟೀ ಎಲೆ ತಿನ್ನೋದಾ, ಬಿಸಾಕೋದಾ?

ಪ್ರಶ್ನೆ: ಅಕ್ಕಾ, ಬೆಂಗಳೂರಲ್ಲಿ ಕೆಲ್ಸದಲ್ಲಿರೋ ಮಗ್ಳು ರಜೆಗೆ ಬಂದಾಗೆಲ್ಲ ಗ್ರೀನ್ ಟೀ ಕುಡ್ದು, ಕಪ್ಪಿನ ತಳದಲ್ಲಿ ಉಳ್ದಿರೋ ಎಲೆನೂ ಸ್ಪೂನಲ್ಲಿ ಬಾಚಿ ತಿಂದ್ಬಿಡ್ತಾಳೆ. ಕೇಳಿದ್ರೆ ಜಪಾನಲ್ಲಿ ಎಲ್ರೂ ತಿಂತಾರೆ ಅಂತಾಳೆ. ನಮ್ಮತ್ತೆ "ಹಂಗಾದ್ರೆ ಕಾಫಿ ಚರಟನೂ ಹಾಕ್ಕೊಡು ಅವ್ಳಿಗೆ" ಅಂತ ನಗಾಡ್ತಾರೆ. ಇದು ಸರಿನಾ? ನಮ್ಮ ಕಡೆ ಟೀ ತೋಟನೂ ಇದೆ, ಚಿಗುರು ಕಿತ್ತು ಪಲ್ಯ ಮಾಡ್ಬೋದಾ?
– ಒಬ್ಬ ಗೃಹಿಣಿ, ಹುದಿಕೇರಿ

ಉತ್ತರ: ಮಗ್ಳು ಹೇಳಿದ್ದು ಸುಳ್ಳಲ್ಲ, ಆದ್ರೆ "ಎಲ್ರೂ" ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಜಪಾನಲ್ಲಿ ಗ್ಯೊಕುರೊ ಅಂತ ಒಂದು ದುಬಾರಿ ಟೀ ಇದೆ. ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆಯಿಂದ ಗಿಡಕ್ಕೆ ನೆರಳು ಕಟ್ತಾರೆ, ಹಂಗಾಗಿ ಎಲೆಗೆ ಒಗರು ಕಮ್ಮಿ, ಮೆತ್ತಗೂ ಇರತ್ತೆ, ಎರಡು ಮೂರು ಸಲ ನೀರು ಹಾಕಿ ಕುಡ್ದಾದ್ಮೇಲೆ ಆ ಎಲೆಗೆ ಸೋಯಾ ಸಾಸು, ಹುಳಿ ಹಣ್ಣಿನ ರಸ ಹಾಕ್ಕೊಂಡು ತಿಂತಾರೆ. ಹೊಸ ಚಿಗುರು ಬರೋ ಕಾಲಕ್ಕೆ ಹಿಟ್ಟಲ್ಲಿ ಅದ್ದಿ ಎಣ್ಣೆಲಿ ಕರ್ದು ತಿನ್ನೋದೂ ಉಂಟು. ಈಗ ಮಡಿಕೇರಿ ಕೆಫೆಗಳಲ್ಲೂ ಮಾಚಾ ಮಾಚಾ ಅಂತಾರಲ್ಲ, ಅದೂ ಇದೇ ಕಥೆ, ಎಲೆನ ನುಣ್ಣಗೆ ಪುಡಿ ಮಾಡಿ ನೀರಿಗೆ ಕದಡಿ ಕೊಡೋದು, ಸೋಸೋದೇ ಇಲ್ಲ, ಅಂದ್ರೆ ಮಾಚಾ ಕುಡ್ಯೋರೆಲ್ಲ ಎಲೆ ತಿನ್ನೋರೇ. ಇನ್ನು ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದು ಸೊಪ್ಪಿನ ಪಾಯಸ ತಿಂದು ಮಾರನೇ ದಿನ ಮೂತ್ರ ಕೆಂಪಾದ್ರೂ ಹೆದ್ರದೇ ಇರೋ ನಾವು ಟೀ ಎಲೆ ತಿನ್ನೋರನ್ನ ನೋಡಿ ನಗೋದು ಅಷ್ಟು ಚೆನ್ನಾಗಿರಲ್ಲ ಅಂತ ಅತ್ತೆಗೆ ಮೆಲ್ಲಗೆ ಹೇಳಿ!

ತಿನ್ನೋದ್ರಿಂದ ಲಾಭ ಇದ್ಯಾ ಅಂದ್ರೆ, ಇದೆ, ಸಣ್ಣದು. ನೀರಿಗೆ ಇಳಿಯೋದು ಕೆಫೀನು, ಒಗರಿನ ಅಂಶ, ಇನ್ನೊಂದಿಷ್ಟು. ನಾರು, ಬಹುಪಾಲು ಪ್ರೋಟೀನು, ಎಣ್ಣೆಲಿ ಮಾತ್ರ ಕರಗೋ ವಿಟಮಿನ್ ಇ, ವಿಟಮಿನ್ ಕೆ, ಬೀಟಾ ಕ್ಯಾರೋಟಿನ್ ಇವೆಲ್ಲ ಎಲೆಲೇ ಉಳ್ಕೊಳ್ಳತ್ತೆ. ಆದ್ರೆ ಒಂದು ಚಮಚ ಎಲೆಲಿ ಇರೋ ಪ್ರೋಟೀನ್ ಲೆಕ್ಕ ಹಾಕ್ತಾ ಕೂರ್ಬೇಡಿ, ಅದಕ್ಕಿಂತ ಒಂದು ಹಿಡಿ ಹೆಸ್ರುಕಾಳು ಎಷ್ಟೋ ವಾಸಿ. ರುಚಿಗೆ ತಿಂತಾಳೆ ಅಂದ್ರೆ ತಿನ್ಲಿ.

ಯಾವ ಎಲೆ ಅನ್ನೋದೇ ಇಲ್ಲಿ ಮುಖ್ಯ. ನಾವು ದಿನಾ ಕುದ್ಸೋ ಸಿಟಿಸಿ ಟೀ ಪುಡಿ ಯಂತ್ರದಲ್ಲಿ ಅರ್ದು ಹರ್ದು ಉಂಡೆ ಕಟ್ಟಿರೋದು, ಕುದ್ದ್ಮೇಲೆ ಅದ್ರಲ್ಲಿ ತಿನ್ನೋಕೆ ಏನೂ ಇಲ್ಲ, ಗುಲಾಬಿ ಗಿಡದ ಬುಡಕ್ಕೆ ಹಾಕಿ. ಟೀ ಬ್ಯಾಗ್ ಒಳಗಿನ ಧೂಳೂ ಅಷ್ಟೇ. ಬಿಸಿನೀರಲ್ಲಿ ಬಿಡಿಸ್ಕೊಂಡಾಗ ಎಳೇ ಎಲೆ ಥರನೇ ಕಾಣೋ ಹಸ್ರು ಟೀ ಆದ್ರೆ ಮಾತ್ರ ಬಾಯಿಗೆ ಹಾಕೋದು. ಬಲಿತ ಎಲೆ ಬೇಡ, ಟೀ ಗಿಡ ಮಣ್ಣಿಂದ ಫ್ಲೋರೈಡು, ಅಲ್ಯೂಮಿನಿಯಂ ಎಳ್ಕೊಂಡು ಹಳೇ ಎಲೆಲೇ ಜಾಸ್ತಿ ಕೂಡಿಟ್ಕೊಳ್ಳತ್ತೆ.

ತೋಟದ ಚಿಗುರು ಕೀಳೋ ವಿಷ್ಯ ಅಂತೀರಾ, ದಯವಿಟ್ಟು ಬೇಡ. ಯಾವಾಗ ಏನು ಸ್ಪ್ರೇ ಹೊಡ್ದಿದ್ದಾರೆ ನಿಮ್ಗೆ ಗೊತ್ತಿರಲ್ಲ, ಔಷಧಿ ಹೊಡ್ದು ಇಷ್ಟು ದಿನ ಆದ್ಮೇಲೇ ಕೊಯ್ಬೇಕು ಅಂತ ತೋಟದವ್ರಿಗೆ ಲೆಕ್ಕ ಇರತ್ತೆ, ಬೇಲಿ ಪಕ್ಕ ನಿಂತು ಕೀಳೋರಿಗೆ ಎಲ್ಲಿಂದ ಬರ್ಬೇಕು. ಫ್ಯಾಕ್ಟರಿಲೂ ಟೀ ಎಲೆನ ಸಾಮಾನ್ಯವಾಗಿ ತೊಳ್ಯಲ್ಲ, ಹಂಗಾಗಿ ತಿನ್ನೋಕೆ ಅಂತ ತಗೊಳ್ಳೋದಾದ್ರೆ ಸಾವಯವ ಸರ್ಟಿಫಿಕೇಟ್ ಇರೋ ಪ್ಯಾಕೆಟ್ಟೇ ತಗೊಳ್ಳಿ.

ನಾನು ಮಾಡೋ ರೀತಿ ಹೇಳ್ತೀನಿ. ಎರಡು ಸಲ ನೀರು ಹಾಕಿ ಕುಡ್ದ ಎಲೆನ ಹಿಂಡಿ, ಸಣ್ಣಗೆ ಹೆಚ್ಚಿ, ಸಣ್ಣ ಈರುಳ್ಳಿ, ಒಂದು ಗಾಂಧಾರಿ ಮೆಣ್ಸು, ಉಪ್ಪು, ಹುರ್ದ ಎಳ್ಳು, ನಾಲ್ಕು ಹನಿ ಎಣ್ಣೆ, ಜಪಾನಿನವ್ರ ಹುಳಿ ಬದ್ಲು ನಮ್ಮ ಕೊಡಗಿನ ಗಟ್ಟಿ ಕಪ್ಪು ಹುಳಿ ಕಾಚಂಪುಳಿ ಎರಡೇ ಹನಿ. ಮೂರನೇ ಹನಿ ಬಿದ್ರೆ ಬರೀ ಕಾಚಂಪುಳಿನೇ ತಿಂದಂಗಾಗತ್ತೆ. ಅಕ್ಕಿ ಒಟ್ಟಿ ಜೊತೆ ಚೆನ್ನಾಗಿರತ್ತೆ.

ಪ್ರಶ್ನೆ: ಮೇಡಂ, ನಾನು ಆರ್ಮಿಲಿದ್ದಾಗ ಮಣಿಪುರದ ಬಾರ್ಡರ್ ಮೋರೆಯಲ್ಲಿ ಬರ್ಮಾದವ್ರ ಟೀ ಎಲೆ ಸಲಾಡ್ ತಿಂದಿದ್ದೆ, ಹುಳಿ ಹುಳಿ, ಕರುಂ ಕುರುಂ. ಇಲ್ಲಿ ಮಾಡ್ಕೊಳ್ಳೋಕೆ ಆಗತ್ತಾ?
– ನಿವೃತ್ತ ಸುಬೇದಾರ್, ಸೋಮವಾರಪೇಟೆ

ಉತ್ತರ: ಸರ್, ನೀವು ತಿಂದಿದ್ದು ಲಪೆಟ್. ಶಾನ್ ಬೆಟ್ಟದ ಕಡೆ ಎಳೇ ಎಲೆನ ಹಬೆಲಿ ಬೇಯ್ಸಿ, ನಾದಿ, ಗುಂಡಿಲೋ ಬುಟ್ಟಿಲೋ ಒತ್ತಿ ತುಂಬಿ ಮೇಲೆ ಭಾರ ಹೇರಿ ತಿಂಗಳುಗಟ್ಲೆ ಹುಳಿ ಬರೋಕೆ ಬಿಡ್ತಾರೆ. ಅದನ್ನ ಕರ್ದ ಬೆಳ್ಳುಳ್ಳಿ, ಕಡ್ಲೆಕಾಯಿ, ಎಳ್ಳು, ಕರ್ದ ಕಾಳು, ಒಣ ಸೀಗಡಿ, ಟೊಮ್ಯಾಟೊ ಜೊತೆ ಕಲ್ಸಿ ತಿನ್ನೋದು. ಮನೆಗೆ ಬಂದೋರ ಮುಂದೆ ಖಾನೆ ಖಾನೆ ಇರೋ ಅರಗಿನ ತಟ್ಟೆಲಿ ಇಡ್ತಾರೆ, ಹಿಂದೆ ಕಾಲದಲ್ಲಿ ಜಗಳ ರಾಜಿ ಆದ್ರೂ ಇದನ್ನೇ ತಿಂದು ಮುಗಿಸ್ತಿದ್ರಂತೆ. ಅವ್ರಲ್ಲಿ ಒಂದು ಗಾದೆ ಇದೆ, ಹಣ್ಣಲ್ಲಿ ಮಾವು, ಮಾಂಸದಲ್ಲಿ ಹಂದಿ, ಎಲೆಲಿ ಲಪೆಟ್ ಅಂತ. ಮೊದಲೆರಡಕ್ಕೆ ಕೊಡಗಲ್ಲಿ ಯಾರೂ ಎದ್ರು ಮಾತಾಡಲ್ಲ ಬಿಡಿ.

ಹಳೇ ಥರ ಗುಂಡಿಲಿ ಹುದುಗ್ಸೋದು ನಮ್ಮ ಮಳೆಗಾಲದಲ್ಲಿ ಬೇಡ, ಹುಳಿ ಬರೋ ಮುಂಚೆ ಬೂಷ್ಟು ಬರತ್ತೆ. ನೆನ್ಸಿದ ಹಸ್ರು ಟೀ ಎಲೆನ ನಿಂಬೆರಸ, ಉಪ್ಪು, ಬೆಳ್ಳುಳ್ಳಿ, ಎಣ್ಣೆ ಹಾಕಿ ಕಲ್ಸಿ ಫ್ರಿಜ್ಜಲ್ಲಿ ಒಂದು ರಾತ್ರಿ ಇಟ್ರೆ ಅದೇ ರುಚಿ ಅಲ್ದಿದ್ರೂ ನೆನಪಾಗೋ ಅಷ್ಟು ಬರತ್ತೆ. ಆರ್ಡರ್ ಮಾಡಿ ತರ್ಸೋದಾದ್ರೆ ಕಣ್ಣಿಗೆ ಹೊಡ್ಯೋ ಹಸ್ರು ಹಳದಿ ಬಣ್ಣದ್ದು ಬೇಡ, 2009ರಲ್ಲಿ ಬರ್ಮಾ ಸರ್ಕಾರವೇ ಆರಮೈನ್ ಓ ಅನ್ನೋ ಬಟ್ಟೆ ಬಣ್ಣ ಸಿಕ್ತು ಅಂತ ಎಷ್ಟೋ ಬ್ರಾಂಡ್ ಬ್ಯಾನ್ ಮಾಡಿತ್ತು.

ಪ್ರಶ್ನೆ: ತೂಕ ಇಳ್ಸೋಕೆ ದಿನಾ ಖಾಲಿ ಹೊಟ್ಟೆಲಿ ಎರಡು ಚಮಚ ಗ್ರೀನ್ ಟೀ ಎಲೆ ಪುಡಿ ಮಾಡಿ ನುಂಗ್ತಿದ್ದೀನಿ, ಹೊಟ್ಟೆ ತೊಳ್ಸತ್ತೆ. ರಕ್ತ ಕಮ್ಮಿ ಅಂತ ಐರನ್ ಮಾತ್ರೆನೂ ನಡೀತಿದೆ. ಮುಂದುವರ್ಸ್ಲಾ?
– ಕಾಲೇಜು ಹುಡುಗಿ, ಕುಶಾಲನಗರ

ಉತ್ತರ: ಇವತ್ತೇ ನಿಲ್ಸಮ್ಮ. ಟೀಯ ಒಗರಿನ ಅಂಶ ಕಬ್ಬಿಣನ ಹಿಡ್ಕೊಂಡು ದೇಹಕ್ಕೆ ಸೇರೋಕೆ ಬಿಡಲ್ಲ, ನೀನು ಒಂದು ಕೈಲಿ ಮಾತ್ರೆ ನುಂಗಿ ಇನ್ನೊಂದು ಕೈಲಿ ಅದನ್ನ ಹಾಳು ಮಾಡ್ತಿದ್ದೀಯ. ಟೀ ಏನಿದ್ರೂ ಮಾತ್ರೆಗೆ ಒಂದೆರಡು ಗಂಟೆ ದೂರ ಇರ್ಲಿ. ಒಣ ಎಲೆ ತೂಕದಲ್ಲಿ ಶೇಕಡ 2ರಿಂದ 4 ಕೆಫೀನ್, ಕುಡ್ದ್ರೆ ಅದ್ರಲ್ಲಿ ಒಂದು ಪಾಲು, ನುಂಗಿದ್ರೆ ಪೂರ್ತಿ. ಗ್ರೀನ್ ಟೀ ಸಾರದ ಮಾತ್ರೆ ತಗೊಂಡು ಇಜಿಸಿಜಿ (ಗ್ರೀನ್ ಟೀ ಒಗರಿನ ಮುಖ್ಯ ಅಂಶ) ದಿನಕ್ಕೆ 800 ಮಿಲಿಗ್ರಾಂ ಇಲ್ಲಾ ಅದಕ್ಕಿಂತ ಜಾಸ್ತಿ ಆದ್ರೆ ಲಿವರಿಗೆ ತೊಂದ್ರೆ ಆಗ್ಬೋದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ನಿನ್ನ ಪುಡಿ ಅಷ್ಟು ಮುಟ್ಟದೇ ಇರ್ಬೋದು, ಆದ್ರೆ ತೂಕ ಇಳಿಲಿಲ್ಲ ಅಂತ ಎರಡು ಚಮಚ ನಾಲ್ಕಾಗೋಕೆ ಎಷ್ಟೊತ್ತು? ತೂಕನೂ ಇದ್ರಿಂದ ಹೇಳ್ಕೊಳ್ಳೋ ಅಷ್ಟು ಇಳಿಯಲ್ಲ. ಮನೆಲಿ ಬಸುರಿ ಇದ್ರೆ, ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋ ಹಿರಿಯರಿದ್ರೆ ಅವ್ರಿಗೂ ಎಲೆ ತಿನ್ಸ್ಬೇಡ, ಎಲೆಲಿರೋ ವಿಟಮಿನ್ ಕೆ ಆ ಮಾತ್ರೆಗೆ ಅಡ್ಡ ಬರತ್ತೆ.

ಪ್ರಶ್ನೆ: ಟೀ ಎಲೆ ಆಗತ್ತೆ ಅಂದ್ರೆ ಕಾಫಿ ಎಲೆ ಯಾಕಾಗಲ್ಲ? ನಮ್ಮಲ್ಲಿ ಬೇಕಾದಷ್ಟಿದೆ.
– ಬೆಳೆಗಾರರು, ವಿರಾಜಪೇಟೆ

ಉತ್ತರ: ಕುಡ್ಯೋಕೆ ಆಗತ್ತೆ. ಸುಮಾತ್ರಾದಲ್ಲಿ ಕಾಫಿ ಎಲೆನ ಹೊಗೆಲಿ ಒಣಗ್ಸಿ ಕಷಾಯ ಮಾಡ್ತಾರೆ, ಇಥಿಯೋಪಿಯಾದಲ್ಲೂ ಇದೆ, 2020ರಲ್ಲಿ ಯುರೋಪಿಯನ್ ಯೂನಿಯನ್ ಕಾಫಿ ಎಲೆ ಕಷಾಯದ ಮಾರಾಟಕ್ಕೆ ಒಪ್ಪಿಗೆನೂ ಕೊಟ್ಟಿದೆ. ಒಪ್ಪಿಗೆ ಇರೋದು ಕಷಾಯಕ್ಕೆ, ಎಲೆ ಪಲ್ಯಕ್ಕಲ್ಲ. ಅದೂ ಅಲ್ದೆ ಮಳೆಗೆ ಮುಂಚೆ ಎಲೆ ಎಲೆಗೂ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡ್ಸಿರ್ತೀರಲ್ಲ, ಆ ಮೈಲುತುತ್ತದ ನೀಲಿ ಬಳ್ಕೊಂಡಿರೋ ಎಲೆನ ಕಿತ್ತು ಕಷಾಯ ಮಾಡೋಕೆ ಹೋಗ್ಬೇಡಿ, ಬೇಕೇ ಬೇಕು ಅಂದ್ರೆ ಸ್ಪ್ರೇನೇ ಮಾಡ್ದೆ ಹಿತ್ತಲಲ್ಲಿ ಬಿಟ್ಟಿರೋ ಗಿಡ ಇದ್ಯಾ ನೋಡಿ.